ಬಾಯಿಯ ಕ್ಯಾನ್ಸರ್: ಚಿಕಿತ್ಸೆಯೂ ಆಮೇಲಿನ ಆರೈಕೆಯೂ

ಊಟವಾದ ಮೇಲೆ ಎಲೆ ಅಡಿಕೆ ಮೆಲ್ಲುವುದು ಕೋಲಾರದ ಸೀಮೆಯಲ್ಲಿ ಹಿಂದಿನಿಂದ ಬಂದ ರೂಢಿ. ಅಡಿಕೆಯೇ ಬಾಯಿಗೆ ಒಳ್ಳೆಯದಲ್ಲ. ಅದರೊಡನೆ ಹೊಗೆಸೊಪ್ಪೋ ಕಡ್ಡಿಪುಡಿಯೋ ಸೇರಿದರೆ ಅಪಾಯ ಬಹಳ ಹೆಚ್ಚುತ್ತದೆ. ಕೆಲವು ಹೆಂಗಸರು ಆ ಉಂಡೆಯನ್ನು ಕೆನ್ನೆಯೊಳಗೆ ಒತ್ತಿಟ್ಟುಕೊಂಡೇ ರಾತ್ರಿ ಮಲಗುವುದುಂಟು. ಈ ಭಾಗದಲ್ಲಿ ಕೆನ್ನೆಯ ಕ್ಯಾನ್ಸರು ಹೆಂಗಸರಲ್ಲಿ ವಿಶೇಷವಾಗಿ ಕಾಣುವುದಕ್ಕೂ ಈ ಅಭ್ಯಾಸಕ್ಕೂ ನಂಟಿದೆಯೆಂದು ಕೋಲಾರದ ವೈದ್ಯರು ಕಂಡುಕೊಂಡಿದ್ದಾರೆ.

ಈ ರೋಗ ಮೊದಮೊದಲು ನೋಯುವುದಿಲ್ಲ, ಮೋಸವಾಗುವುದೇ ಅಲ್ಲಿ. ಬಾಯಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ದಿನೇ ದಿನೇ ಕಿರಿದಾಗುವ ಬಾಯಿ, ಇವುಗಳಲ್ಲಿ ಯಾವುದು ಕಂಡರೂ ದಂತವೈದ್ಯರಿಗೆ ತೋರಿಸಬೇಕು. ವೈದ್ಯರು ಹುಣ್ಣಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಹೀಗೆ ಚೂರು ತೆಗೆದರೆ ರೋಗ ಹರಡುತ್ತದೆಂಬ ಭಯಕ್ಕೆ ಆಧಾರವಿಲ್ಲ.

ಚಿಕಿತ್ಸೆ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಶಸ್ತ್ರಚಿಕಿತ್ಸೆ. ಗಂತಿಯನ್ನು ಸುತ್ತಲಿನ ಒಂದಿಷ್ಟು ಒಳ್ಳೆಯ ಮಾಂಸದೊಡನೆ ಕತ್ತರಿಸಿ ತೆಗೆಯುತ್ತಾರೆ. ಕುತ್ತಿಗೆಯ ಗ್ರಂಥಿಗಳನ್ನೂ, ಅಗತ್ಯವಾದರೆ ದವಡೆಯ ಭಾಗವನ್ನೂ ತೆಗೆಯುವುದುಂಟು. ತೆರವಾದ ಜಾಗವನ್ನು ಎದೆಯ ಅಥವಾ ತೋಳಿನ ಮಾಂಸದಿಂದ ಮುಚ್ಚುತ್ತಾರೆ. ಎರಡನೆಯದು ವಿಕಿರಣ ಚಿಕಿತ್ಸೆ. ಜನ ಇದನ್ನು ‘ಕರೆಂಟು ಕೊಡುವುದು’ ಎನ್ನುತ್ತಾರೆ. ಆದರೆ ಇದರಲ್ಲಿ ಮೈಗೆ ವಿದ್ಯುತ್ತು ಹಾಯುವುದಿಲ್ಲ. ಕಿರಣ ಬೀಳುವಾಗ ನೋವೂ ಇಲ್ಲ. ವಾರಕ್ಕೆ ಐದು ದಿನ, ದಿನಕ್ಕೆ ಕೆಲವೇ ನಿಮಿಷದಂತೆ, ಸುಮಾರು ಆರು ವಾರ ನಡೆಯುತ್ತದೆ. ಮೂರನೆಯದಾದ ಔಷಧ ಚಿಕಿತ್ಸೆ, ಅಂದರೆ ಕೀಮೋಥೆರಪಿ, ಬಾಯಿಯ ಕ್ಯಾನ್ಸರಿನಲ್ಲಿ ಹೆಚ್ಚಾಗಿ ವಿಕಿರಣಕ್ಕೆ ಬೆಂಬಲವಾಗಿ ಬರುತ್ತದೆ.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಆರಂಭವಾಗಿ, 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆಂಬ ಮನ್ನಣೆ ಪಡೆಯಿತು. ಮಾಲೂರಿನವರಿಗೆ ಅದು ರೈಲಿನ ದಾರಿ; ಮುಳಬಾಗಿಲು, ಶ್ರೀನಿವಾಸಪುರದವರಿಗೆ ಬಸ್ಸಿನಲ್ಲಿ ಅರ್ಧ ದಿನದ ಪ್ರಯಾಣ. ಕಿರಣ ಚಿಕಿತ್ಸೆಗೆ ಹೀಗೆ ನಿತ್ಯ ಓಡಾಡಿ ಸೋತು ನಡುವೆಯೇ ನಿಲ್ಲಿಸಿದರೆ ಪಟ್ಟ ಪಾಡು ವ್ಯರ್ಥವಾದೀತು. ಆದ್ದರಿಂದ ಹೋದ ದಿನವೇ ಧರ್ಮಶಾಲೆಯ ಅನುಕೂಲವನ್ನು ವಿಚಾರಿಸಬೇಕು. ಬಡತನದ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವೂ ಇದೆ. ರೇಷನ್ ಕಾರ್ಡು, ಆಧಾರ್ ಕಾರ್ಡುಗಳನ್ನು ಮರೆಯದೆ ಒಯ್ಯಬೇಕು.

ರೋಗಿ ಮನೆಗೆ ಮರಳಿದಳೆಂದರೆ ಎಲ್ಲ ಮುಗಿಯಿತೆಂದು ಮನೆಯವರು ಭಾವಿಸುತ್ತಾರೆ. ನಿಜವಾಗಿ ನೋಡಿದರೆ ಅರ್ಧ ಕೆಲಸ ಶುರುವಾಗುವುದೇ ಆಗ. ಶಸ್ತ್ರಕ್ರಿಯೆಯಿಂದಲೂ ಕಿರಣದಿಂದಲೂ ದವಡೆಯ ಸ್ನಾಯುಗಳು ಬಿಗಿಯುತ್ತವೆ. ತನ್ನ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಡುವಷ್ಟು ಬಾಯಿ ತೆರೆಯಬೇಕು. ಅಷ್ಟು ತೆರೆಯದಿದ್ದರೆ, ವೈದ್ಯರು ಹೇಳಿದ ದಿನದಿಂದ, ಐಸ್‌ಕ್ರೀಮಿನ ಚಪ್ಪಟೆ ಕಡ್ಡಿಗಳನ್ನು ಒಟ್ಟಾಗಿ ಹಲ್ಲುಗಳ ನಡುವೆ ಇಟ್ಟು, ಮೆಲ್ಲಮೆಲ್ಲನೆ ಒಂದೊಂದನ್ನೇ ಹೆಚ್ಚಿಸುತ್ತ, ದಿನಕ್ಕೆ ಹಲವು ಸಲ ಅಭ್ಯಾಸ ಮಾಡಬೇಕು. ನೋವೆಂದು ಬಿಟ್ಟರೆ ಬಿಗಿತ ಹೆಚ್ಚುತ್ತದೆ. ಮುಂದೆ ಅನ್ನದ ತುತ್ತು ಇಡುವುದೂ ಕಷ್ಟವಾಗುತ್ತದೆ. ಕುತ್ತಿಗೆಯ ಗ್ರಂಥಿ ತೆಗೆದವರಿಗೆ ಭುಜ ಸೋಲುವುದರಿಂದ ತೋಳೆತ್ತುವ ವ್ಯಾಯಾಮವೂ ಬೇಕು. ಇಲ್ಲವಾದರೆ ನೀರಿನ ಕೊಡ ಎತ್ತುವುದು, ತಲೆ ಬಾಚುವುದು ಕೂಡ ದೊಡ್ಡ ಕೆಲಸವಾಗುತ್ತದೆ.

ಕಿರಣದಿಂದ ಜೊಲ್ಲು ಕಡಮೆಯಾಗಿ ಬಾಯಿ ಒಣಗುತ್ತದೆ, ಉರಿಯುತ್ತದೆ. ಆ ದಿನಗಳಲ್ಲಿ ಮುದ್ದೆ ಮತ್ತು ಖಾರದ ಸಾರಿನ ಬದಲು ತೆಳುವಾದ ರಾಗಿ ಗಂಜಿ, ಹಾಲು, ಕಿವುಚಿದ ಮೊಸರನ್ನ, ಬೆಂದ ಬೇಳೆ, ಮೊಟ್ಟೆ ಕೊಡಬಹುದು. ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿಯಿದ್ದರೂ ಹುಳಿಹಣ್ಣು ಬೇಡ. ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ಬೇಗ ಹುಳುಕುವುದರಿಂದ, ಕಿರಣಕ್ಕೆ ಮುಂಚೆಯೇ ಹಲ್ಲುಗಳನ್ನು ತೋರಿಸಿ ಸರಿಪಡಿಸಿಕೊಳ್ಳಬೇಕು. ಆಮೇಲೆ ಹಲ್ಲು ಕೀಳಿಸಬೇಕಾಗಿ ಬಂದರೆ, ಕಿರಣ ಪಡೆದ ಸಂಗತಿಯನ್ನು ದಂತವೈದ್ಯರಿಗೆ ಮೊದಲೇ ಹೇಳಬೇಕು. ಅಂಥ ದವಡೆಯ ಗಾಯ ಸುಲಭವಾಗಿ ಮಾಯುವುದಿಲ್ಲ.

ಇನ್ನು ಮನೆಯವರಿಗೆ ಎರಡು ಮಾತು. ಇದು ಅಂಟುರೋಗವಲ್ಲ. ತಟ್ಟೆ ಲೋಟ ಬೇರೆ ಇಡುವುದು, ಮೊಮ್ಮಗುವನ್ನು ಅಜ್ಜಿಯ ಮಡಿಲಿನಿಂದ ಎತ್ತಿಕೊಂಡು ಹೋಗುವುದು ಬೇಡ. ಮುಖದ ಆಕಾರ ಕೆಟ್ಟಿತೆಂದು, ಮಾತು ತೊದಲುತ್ತದೆಂದು ಅವಳು ನಡುಮನೆಗೆ ಬರಲು ಹಿಂಜರಿದಾಳು. ಮನೆಯವರೇ ಕರೆದು ಕೂರಿಸಿ ಮಾತನಾಡಿಸಬೇಕು. ಮಾತಾಡಿದಷ್ಟೂ ನಾಲಿಗೆ ಪಳಗುತ್ತದೆ.

ಎರಡನೆಯದು, ಎಲೆ ಅಡಿಕೆಯ ತಟ್ಟೆ. ರೋಗಿಗೆ ಹೊಗೆಸೊಪ್ಪು ಬಿಡಿಸಿ, ಅವಳ ಮುಂದೆಯೇ ಉಳಿದವರು ಮೆಲ್ಲುತ್ತ ಕೂತರೆ ಆ ಚಟ ಹೇಗೆ ಬಿಟ್ಟೀತು? ಬಿಡುವುದಾದರೆ ಮನೆಯೆಲ್ಲ ಒಟ್ಟಿಗೆ ಬಿಡಬೇಕು. ವೈದ್ಯರು ಹೇಳಿದ ದಿನ ತಪ್ಪದೆ ಹೋಗಿ ಬಾಯಿ ತೋರಿಸಿ ಬರಬೇಕು.