ಹೈದರಾಬಾದಿನಲ್ಲಿ ನಮ್ಮ ಅಡಿಗೆಮನೆ
ವಾರದ ದಿನಗಳಿಗೆ ಕೆಲವು ಸುಲಭ ಪಾಕಗಳು

ಹೈದರಾಬಾದು ಕನ್ನಡಿಗರಿಗೆ ಪೂರ್ತಿಯಾಗಿ ಪರಸ್ಥಳವೆಂದು ಹೇಳುವಂತಿಲ್ಲ. 1956ರ ನವೆಂಬರ್ 1ರವರೆಗೆ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿಗೆಲ್ಲ ಇದೇ ರಾಜಧಾನಿ. ಕೋರ್ಟು ಕಚೇರಿಗೆಂದು, ಓದಿಗೆಂದು, ನೌಕರಿಗೆಂದು ಆ ಕಡೆಯ ಜನ ಇಲ್ಲಿಗೆ ಬಂದು ಕಾಚಿಗುಡ, ಸುಲ್ತಾನ್ ಬಜಾರಿನ ಸುತ್ತಮುತ್ತ ನೆಲೆಸಿದರು. ಆ ದಿನ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದುವು. ಮನೆ ಮಾಡಿಕೊಂಡಿದ್ದವರು ಇಲ್ಲಿಯೇ ಉಳಿದರು. ಹೀಗೆ ಇದ್ದ ಸ್ಥಳದಿಂದ ಕದಲದೆಯೇ ಹೊರನಾಡಿಗರಾದ ಸಂಸಾರಗಳು ಎಷ್ಟೋ. ಅವರ ಜೊತೆಗೆ ಮೈಸೂರು, ಧಾರವಾಡ, ಮಂಗಳೂರು ಸೀಮೆಗಳಿಂದ ಬಂದವರು ಸೇರಿಕೊಂಡರು. ಈಚೆಗೆ ಕಂಪ್ಯೂಟರ್ ಕಂಪನಿಗಳಲ್ಲಿ ಕೆಲಸಕ್ಕೆಂದು ಬಂದ ತರುಣ ದಂಪತಿಗಳೂ ಸೇರಿದ್ದಾರೆ.

ಈ ಎಲ್ಲ ಮನೆಗಳಿಗೂ ಸಾಮಾನ್ಯವಾದ ಒಂದು ಚಿಂತೆಯುಂಟು. ಮಕ್ಕಳು ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತೆಲುಗು, ಅಂಗಡಿಯಲ್ಲಿ ಉರ್ದು ಹಿಂದಿ ಆಡುತ್ತಾರೆ. ಕನ್ನಡ ಉಳಿಯುವುದು ಮನೆಯೊಳಗೆ. ಅಲ್ಲಿಯೂ ಹೆಚ್ಚಾಗಿ ಊಟದ ಹೊತ್ತಿನಲ್ಲಿ. ಓದಲು ಬಾರದ ಮಗುವೂ ‘ಒಗ್ಗರಣೆ’, ‘ಹುಳಿ’, ‘ಗೊಜ್ಜು’, ‘ಪಲ್ಯ’ ಎಂಬ ಮಾತುಗಳನ್ನು ಬಲ್ಲದು. ಆ ಪದಾರ್ಥಗಳೇ ಎಲೆಯಿಂದ ಮಾಯವಾದರೆ ಮಾತುಗಳಿಗೆ ಉಳಿಯಲು ಬೇರೆ ಆಸರೆಯಿಲ್ಲ.

ಆದರೆ ನಮ್ಮ ಅಡಿಗೆ ಉಳಿಯುವುದು ಹಬ್ಬದ ಹೋಳಿಗೆಯಿಂದಲ್ಲ. ಹೋಳಿಗೆಗೆ ಒಂದು ದಿನದ ಬಿಡುವು ಬೇಕು, ಕೈಗೂಡಿಸುವ ಇನ್ನೊಬ್ಬರು ಬೇಕು. ವರ್ಷಕ್ಕೆ ಎರಡು ಸಲ ಆದರೆ ಹೆಚ್ಚು. ಗಂಡ ಹೆಂಡಿರಿಬ್ಬರೂ ದುಡಿಯುವ ಮನೆಯಲ್ಲಿ ಸಂಜೆ ಏಳು ಗಂಟೆಗೆ ಬಂದು ಅರ್ಧ ಮುಕ್ಕಾಲು ಗಂಟೆಯಲ್ಲಿ ಮಾಡಬಹುದಾದ ಅಡಿಗೆಯೇ ಮಕ್ಕಳ ನಾಲಿಗೆಗೆ ರೂಢಿಯಾಗುತ್ತದೆ. ಅಂಥ ಕೆಲವನ್ನು, ಇಲ್ಲಿಯ ಪೇಟೆಯಲ್ಲಿ ಸಿಕ್ಕುವ ಸಾಮಾನಿನಿಂದಲೇ ಮಾಡತಕ್ಕವುಗಳನ್ನು ಕೆಳಗೆ ಕೊಟ್ಟಿದೆ. ಅಳತೆಗಳು ನಾಲ್ವರಿಗೆ ಸಾಕಾಗುವಷ್ಟು. ಲೋಟವೆಂದರೆ 200 ಮಿಲಿಲೀಟರಿನ ಸಾಧಾರಣ ಲೋಟ.

ಪುಂಡಿಪಲ್ಯ

ಕಲಬುರಗಿ, ರಾಯಚೂರು ಕಡೆಯವರು ಪುಂಡಿಪಲ್ಯಕ್ಕಾಗಿ ಊರನ್ನು ನೆನೆಯಬೇಕಾದುದಿಲ್ಲ. ಇಲ್ಲಿಯ ಗೋಂಗೂರವೇ ನಮ್ಮ ಪುಂಡಿಸೊಪ್ಪು. ತೆಲಂಗಾಣದ ಹಳ್ಳಿಯವರು ಇದನ್ನು ‘ಪುಂಟಿಕೂರ’ ಎನ್ನುತ್ತಾರೆ. ಹೆಸರಿನಲ್ಲಿಯೇ ನಂಟು ಕಾಣುತ್ತದೆ. ಹಳೆಯ ಪಟ್ಟಣದ ತರಕಾರಿಯವರನ್ನು ಕೇಳುವುದಾದರೆ ‘ಅಂಬಾಡಾ’ ಎನ್ನಬೇಕು. ಯಾವ ರೈತು ಬಜಾರಿಗೆ ಹೋದರೂ ಕಂತೆ ಕಂತೆಯಾಗಿ ದೊರೆಯುತ್ತದೆ.

ಬೇಕಾಗುವ ಸಾಮಾನು: ಬಿಡಿಸಿದ ಪುಂಡಿಸೊಪ್ಪು 3 ಲೋಟ, ತೊಗರಿಬೇಳೆ ಅರ್ಧ ಲೋಟ, ಜೋಳದ ನುಚ್ಚು 2 ದೊಡ್ಡ ಚಮಚ (ಇಲ್ಲದಿದ್ದರೆ ಅಕ್ಕಿನುಚ್ಚು), ಹಸಿಮೆಣಸಿನಕಾಯಿ 5 ಅಥವಾ 6, ಬೆಳ್ಳುಳ್ಳಿ 8 ಎಸಳು, ಈರುಳ್ಳಿ 1, ಅರಿಸಿನ, ಉಪ್ಪು, ಎಣ್ಣೆ, ಸಾಸಿವೆ, ಜೀರಿಗೆ.

ಬೇಳೆಯನ್ನೂ ನುಚ್ಚನ್ನೂ ಅರಿಸಿನ ಹಾಕಿ ಮೆತ್ತಗೆ ಬೇಯಿಸಿರಿ. ಸೊಪ್ಪನ್ನು ಹಸಿಮೆಣಸಿನಕಾಯಿಯೊಡನೆ ಬೇರೆಯಾಗಿಯೇ ಬೇಯಿಸುವುದು ಲೇಸು. ಹುಳಿ ವಿಪರೀತವಾಗಿದ್ದರೆ ಬೇಯಿಸಿದ ನೀರನ್ನು ಬಸಿಯಬಹುದು. ಹುಳಿಯೊಡನೆ ಬೇಳೆ ಬೇಗ ಬೇಯದೆಂಬುದೂ ಬೇರೆ ಬೇಯಿಸುವುದಕ್ಕೆ ಕಾರಣ. ಬಳಿಕ ಎರಡನ್ನೂ ಕೂಡಿಸಿ ಕಡೆಗೋಲಿನಿಂದ ಮಸೆದು, ಉಪ್ಪು ಹಾಕಿ ಒಂದು ಕುದಿ ಬರಿಸಿರಿ. ಜಜ್ಜಿದ ಬೆಳ್ಳುಳ್ಳಿ ಕೆಂಪಾಗುವಂತೆ ಒಗ್ಗರಣೆ ಕೊಡಿರಿ. ಹೆಚ್ಚಿದ ಈರುಳ್ಳಿಯನ್ನೂ ಅದರಲ್ಲಿಯೇ ಬಾಡಿಸಿರಿ. ಕಲಾಯಿಯಿಲ್ಲದ ಹಿತ್ತಾಳೆ ಪಾತ್ರೆಯನ್ನೂ ಅಲ್ಯುಮಿನಿಯಮ್ ಪಾತ್ರೆಯನ್ನೂ ಈ ಹುಳಿಸೊಪ್ಪಿಗೆ ಉಪಯೋಗಿಸಬಾರದು. ಮಣ್ಣಿನ ಗಡಿಗೆ ಉತ್ತಮ, ಸ್ಟೀಲೂ ಆದೀತು.

ಜೋಳದ ತಾಲಿಪಟ್ಟು ಮತ್ತು ಶೇಂಗಾ ಹಿಂಡಿ

ಜೋಳದ ರೊಟ್ಟಿ ಬಡಿಯುವುದು ಕೈಪಳಗಿನ ಕೆಲಸ. ಗೋಧಿಹಿಟ್ಟಿನಲ್ಲಿರುವ ಅಂಟು ಜೋಳದ ಹಿಟ್ಟಿನಲ್ಲಿಲ್ಲ. ಆದುದರಿಂದ ತಣ್ಣೀರಿನಲ್ಲಿ ಕಲಸಿದರೆ ಒಡೆಯುತ್ತದೆ. ಕುದಿಯುವ ನೀರು ಹಾಕಿದಾಗ ಹಿಟ್ಟಿನ ಪಿಷ್ಟ ಅರೆಬೆಂದು ಜಿಗುಟಾಗುತ್ತದೆ. ಹಿರಿಯರು ಎಸರು ಕಾಯಿಸಿ ಹಿಟ್ಟು ನಾದುತ್ತಿದ್ದುದರ ಗುಟ್ಟು ಇದೇ. ರೊಟ್ಟಿಯ ಅಭ್ಯಾಸವಿಲ್ಲದವರಿಗೆ ತಾಲಿಪಟ್ಟು ಅನುಕೂಲ.

ಜೋಳದ ಹಿಟ್ಟು 2 ಲೋಟ, ಗೋಧಿಹಿಟ್ಟು ಅರ್ಧ ಲೋಟ, ಕಡಲೆಹಿಟ್ಟು ಕಾಲು ಲೋಟ, ಸಣ್ಣಗೆ ಹೆಚ್ಚಿದ ಈರುಳ್ಳಿ 2, ಕೊತ್ತಂಬರಿಸೊಪ್ಪು, ಹಸಿಮೆಣಸಿನಕಾಯಿ, ಜೀರಿಗೆ, ಸ್ವಲ್ಪ ಓಮ, ಅರಿಸಿನ, ಉಪ್ಪು—ಇವನ್ನು ಬಿಸಿನೀರಿನಲ್ಲಿ ಮೆತ್ತಗೆ ಕಲಸಿರಿ. ಒದ್ದೆ ಬಟ್ಟೆಯ ಮೇಲೆ ತಟ್ಟಿ, ನಡುವೆ ಬೆರಳಿನಿಂದ ತೂತು ಮಾಡಿ, ಕಾದ ಹಂಚಿಗೆ ಹಾಕಿ ಸುತ್ತಲೂ ಎಣ್ಣೆ ಬಿಡಿರಿ. ಇನ್ನೂ ಸುಲಭದ ಹಾದಿಯನ್ನು ನೆರೆಮನೆಯ ತೆಲಂಗಾಣದ ಅಕ್ಕಂದಿರಿಂದ ಕಲಿಯಬಹುದು. ಅವರು ಅಕ್ಕಿಹಿಟ್ಟಿನ ‘ಸರ್ವಪಿಂಡಿ’ಯನ್ನು ತಣ್ಣನೆಯ ಬಾಣಲೆಯೊಳಗೇ ಎಣ್ಣೆ ಸವರಿ ತಟ್ಟಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ತಾಲಿಪಟ್ಟನ್ನೂ ಹಾಗೆಯೇ ಮಾಡಿದರೆ ಹರಿಯುವ ಭಯವಿಲ್ಲ.

ಶೇಂಗಾ ಹಿಂಡಿಗೆ ಹುರಿದು ಸಿಪ್ಪೆ ತೆಗೆದ ಶೇಂಗಾ 1 ಲೋಟ, ಬೆಳ್ಳುಳ್ಳಿ 6 ಎಸಳು, ಖಾರದ ಪುಡಿ 2 ಚಿಕ್ಕ ಚಮಚ, ಜೀರಿಗೆ ಅರ್ಧ ಚಮಚ, ಉಪ್ಪು. ಇವನ್ನು ತರಿತರಿಯಾಗಿ ಕುಟ್ಟಿಡಿರಿ. ಹದಿನೈದು ದಿನ ಕೆಡುವುದಿಲ್ಲ.

ಈ ಜೋಡಣೆ ಬರಿಯ ರುಚಿಗಾಗಿ ಅಲ್ಲ. ನಮ್ಮೂರಿನ ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆ 1918ರಲ್ಲಿ ಕೂನೂರಿನಲ್ಲಿ ಆರಂಭವಾಗಿ 1958ರಲ್ಲಿ ಹೈದರಾಬಾದಿಗೆ ಬಂದಿತು. ಅಲ್ಲಿಯ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ 1960ರಲ್ಲಿ ಜೋಳಕ್ಕೂ ಪೆಲ್ಲಾಗ್ರ ಎಂಬ ರೋಗಕ್ಕೂ ಇರುವ ಸಂಬಂಧವನ್ನು ಕುರಿತು ಬರೆದರು. ಬೇರೇನೂ ಸಿಕ್ಕದೆ ಜೋಳವೊಂದನ್ನೇ ಉಂಡು ಬದುಕುತ್ತಿದ್ದ ಬಡವರಲ್ಲಿ ಈ ರೋಗ ಕಾಣಿಸಿಕೊಳ್ಳುತ್ತಿತ್ತು. ನಯಾಸಿನ್ ಎಂಬ ಜೀವಸತ್ವದ ಕೊರತೆಯಿಂದ ಬರುವ ರೋಗ ಅದು; ಶೇಂಗಾದಲ್ಲಿ ಆ ಸತ್ವ ಧಾರಾಳವಾಗಿದೆ. ರೊಟ್ಟಿಯ ಜೊತೆಗೆ ಬೇಳೆ, ಸೊಪ್ಪು, ಹಿಂಡಿ, ಮೊಸರು ಇಟ್ಟ ನಮ್ಮ ಅಜ್ಜಿಯಂದಿರಿಗೆ ಈ ಹೆಸರುಗಳು ಗೊತ್ತಿರಲಿಲ್ಲ. ಎಲೆಯ ಮೇಲೆ ಏನೇನು ಕೂಡಬೇಕೆಂಬುದು ಮಾತ್ರ ಗೊತ್ತಿತ್ತು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿದುದಲ್ಲ. ಆದುದರಿಂದ ಪೇಟೆಯಿಂದ ರೊಟ್ಟಿ ಕೊಂಡು ತಂದ ದಿನವೂ ಹಿಂಡಿ, ಸೊಪ್ಪುಗಳನ್ನು ಬಿಡದಿರಿ.

ಗೊಜ್ಜವಲಕ್ಕಿ

ಇದು ಮೈಸೂರು ಕಡೆಯ ಮನೆಗಳ ತಿಂಡಿ; ಒಲೆಯ ಕೆಲಸ ಐದು ನಿಮಿಷದ್ದು. ಬೆಳಗ್ಗೆ ಶಾಲೆಯ ಬಸ್ಸಿಗೆ ಓಡುವ ಮಕ್ಕಳ ಡಬ್ಬಿಗೆ ಇದಕ್ಕಿಂತ ಅನುಕೂಲವಾದುದು ಕಡಿಮೆ.

ಗಟ್ಟಿ ಅವಲಕ್ಕಿ 2 ಲೋಟವನ್ನು ಮಿಕ್ಸಿಯಲ್ಲಿ ರವೆಯಷ್ಟು ತರಿ ಮಾಡಿರಿ. ನಿಂಬೆಯ ಗಾತ್ರದ ಹುಣಿಸೆಹಣ್ಣನ್ನು ಒಂದು ಲೋಟ ನೀರಿನಲ್ಲಿ ಕಿವುಚಿ, ಆ ರಸಕ್ಕೆ ಬೆಲ್ಲ 2 ದೊಡ್ಡ ಚಮಚ, ಸಾರಿನ ಪುಡಿ 2 ಚಿಕ್ಕ ಚಮಚ, ಉಪ್ಪು, ಅರಿಸಿನ ಕದಡಿ ತರಿಯ ಮೇಲೆ ಸುರಿದು ಕಲಸಿ ಇಪ್ಪತ್ತು ನಿಮಿಷ ಮುಚ್ಚಿಡಿರಿ. ಒಣಗಿದಂತೆ ಕಂಡರೆ ಸ್ವಲ್ಪ ನೀರು ಚಿಮುಕಿಸಿ, ಬೆರಳಿನಿಂದ ಉದುರುದುರಾಗಿ ಬಿಡಿಸಿರಿ. ಸಾಸಿವೆ, ಕಡಲೆಬೇಳೆ, ಕಡಲೆಕಾಯಿಬೀಜ, ಇಂಗು, ಕರಿಬೇವಿನ ಒಗ್ಗರಣೆಯಲ್ಲಿ ತಿರುವಿ, ಒಣಕೊಬ್ಬರಿಯ ತುರಿ ಉದುರಿಸಿ ಇಳಿಸಿರಿ.

ಮನೆಯಲ್ಲೇ ಬಿಸ್ಕತ್ತು, ಕೇಕು

ಹೈದರಾಬಾದಿನ ಮಕ್ಕಳಿಗೆ ಬೇಕರಿಯ ಆಸೆ ಸಹಜ. ಇರಾನಿ ಹೋಟಲಿನ ಚಹಾದೊಡನೆ ಉಪ್ಪು ಸಿಹಿ ಬೆರೆತ ಉಸ್ಮಾನಿಯಾ ಬಿಸ್ಕತ್ತು, ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೆಸರು ಹೊತ್ತದ್ದು, ಈ ಊರಿನ ಗುರುತೇ ಆಗಿದೆ. ದೇಶವಿಭಜನೆಯಾದ ಬಳಿಕ ಸಿಂಧದಿಂದ ಬಂದ ಖಾನ್‌ಚಂದ್ ರಾಮ್‌ನಾನಿಯವರು 1953ರಲ್ಲಿ ಮೊಅಜ್ಜಂ ಜಾಹಿ ಮಾರುಕಟ್ಟೆಯ ಬಳಿ ಕರಾಚಿ ಬೇಕರಿಯನ್ನು ತೆರೆದರು. ಬಿಟ್ಟುಬಂದ ಊರಿನ ಹೆಸರು ಹೀಗೆ ಅಂಗಡಿಯ ಹಲಗೆಯ ಮೇಲೆ ಉಳಿಯಿತು.

ಕನ್ನಡಿಗರಿಗೂ ಒಂದು ಬೇಕರಿ ಪರಂಪರೆಯುಂಟು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಆರಂಭವಾದ ಬಿ. ಬಿ. ಬೇಕರಿ ಮೊದಲುಗೊಂಡು, ಹಾಸನದ ಕಡೆಯ ಅಯ್ಯಂಗಾರ್ ಮನೆತನಗಳವರು ಮೊಟ್ಟೆ ಸೋಕಿಸದೆ ಬ್ರೆಡ್ಡು, ಬನ್ನು, ಖಾರ ಬಿಸ್ಕತ್ತುಗಳನ್ನು ಮಾಡಿ ನಾಡಿಗೆಲ್ಲ ರುಚಿ ಹತ್ತಿಸಿದರು. ಆ ಖಾರ ಬಿಸ್ಕತ್ತನ್ನು ಮನೆಯಲ್ಲಿ ಮಾಡುವುದು ಕಷ್ಟವಲ್ಲ.

ಖಾರ ಬಿಸ್ಕತ್ತು: ಮೈದಾ 200 ಗ್ರಾಂ (ಅರ್ಧದಷ್ಟು ಗೋಧಿಹಿಟ್ಟೂ ಆಗಬಹುದು), ಬೆಣ್ಣೆ 90 ಗ್ರಾಂ, ಸಕ್ಕರೆಪುಡಿ 2 ದೊಡ್ಡ ಚಮಚ, ಉಪ್ಪು 1 ಚಿಕ್ಕ ಚಮಚ, ಬೇಕಿಂಗ್ ಪೌಡರ್ ಅರ್ಧ ಚಿಕ್ಕ ಚಮಚ, ಗಟ್ಟಿ ಮೊಸರು 2 ಅಥವಾ 3 ದೊಡ್ಡ ಚಮಚ, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ 4, ಕರಿಬೇವು, ಸಬ್ಬಸಿಗೆ ಸೊಪ್ಪು ಒಂದು ಹಿಡಿ, ಜೀರಿಗೆ. ಬೆಣ್ಣೆ ಸಕ್ಕರೆಗಳನ್ನು ನೊರೆಯಾಗುವಂತೆ ತಿಕ್ಕಿ, ಉಳಿದುದನ್ನು ಸೇರಿಸಿ, ಹಿಟ್ಟು ಕೂಡುವಷ್ಟು ಮಾತ್ರ ಮೊಸರು ಹಾಕಿ ಹಗುರವಾಗಿ ಒತ್ತಿರಿ. ಚಪಾತಿಯಂತೆ ನಾದಿದರೆ ಬಿಸ್ಕತ್ತು ಗಡುಸಾಗುತ್ತದೆ. ಕಾಲು ಅಂಗುಲ ದಪ್ಪಕ್ಕೆ ಲಟ್ಟಿಸಿ, ಸಣ್ಣ ಬಟ್ಟಲ ಬಾಯಿಯಿಂದ ಕತ್ತರಿಸಿ, 170 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಮಾರು 20 ನಿಮಿಷ, ಅಂಚು ಹೊಂಬಣ್ಣಕ್ಕೆ ತಿರುಗುವವರೆಗೆ ಬೇಯಿಸಿರಿ.

ರಾಗಿ ಬಿಸ್ಕತ್ತು: ರಾಗಿಹಿಟ್ಟು 100 ಗ್ರಾಂ, ಗೋಧಿಹಿಟ್ಟು 100 ಗ್ರಾಂ, ತುಪ್ಪ ಅಥವಾ ಬೆಣ್ಣೆ 100 ಗ್ರಾಂ, ಬೆಲ್ಲದ ಪುಡಿ 90 ಗ್ರಾಂ, ಬೇಕಿಂಗ್ ಪೌಡರ್ ಅರ್ಧ ಚಮಚ, ಏಲಕ್ಕಿ, ಚಿಟಿಕೆ ಉಪ್ಪು, ಹಾಲು 2 ಅಥವಾ 3 ದೊಡ್ಡ ಚಮಚ. ರಾಗಿಹಿಟ್ಟನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು ಆರಿಸಿರಿ. ಇಲ್ಲವಾದರೆ ಹಸಿವಾಸನೆ ಉಳಿಯುತ್ತದೆ. ಎಲ್ಲವನ್ನೂ ಕೂಡಿಸಿ, ಉಂಡೆ ಮಾಡಿ ಚಪ್ಪಟೆಯಾಗಿ ಒತ್ತಿ, ಅದೇ ಶಾಖದಲ್ಲಿ 15 ನಿಮಿಷ ಬೇಯಿಸಿರಿ. ಬಿಸಿಯಲ್ಲಿ ಮೆತ್ತಗಿರುವುದು ಸಹಜ, ಆರಿದ ಮೇಲೆ ಗರಿಯಾಗುತ್ತದೆ. ಮೇಲೆ ಹೇಳಿದ ಸಂಸ್ಥೆಯೇ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಸುಣ್ಣದ ಸತ್ವವಿದೆ. ರಾಗಿಮುದ್ದೆಯನ್ನು ಕಂಡು ಮುಖ ತಿರುಗಿಸುವ ಮಗುವಿಗೆ ರಾಗಿಯ ಪರಿಚಯ ಈ ದಾರಿಯಲ್ಲಿ ಆಗಲಿ. ಆದರೆ ಬೆಲ್ಲ ತುಪ್ಪಗಳಿರುವುದರಿಂದ ದಿನಕ್ಕೆ ಒಂದೆರಡು ಸಾಕು.

ಓವನ್ ಇಲ್ಲದವರಿಗೆ ರವೆಕೇಕು: ಚಿರೋಟಿ ರವೆ 1 ಲೋಟ, ಮೈದಾ ಕಾಲು ಲೋಟ, ಸಕ್ಕರೆ ಮುಕ್ಕಾಲು ಲೋಟ, ಮೊಸರು ಅರ್ಧ ಲೋಟ, ಹಾಲು ಅರ್ಧ ಲೋಟ, ಎಣ್ಣೆ ಅಥವಾ ಕರಗಿಸಿದ ತುಪ್ಪ ಕಾಲು ಲೋಟ. ಇವನ್ನು ಕಲಸಿ ಅರ್ಧ ಗಂಟೆ ನೆನೆಯಲು ಬಿಡಿರಿ. ಅಷ್ಟರಲ್ಲಿ ಹಳೆಯದಾದ ದಪ್ಪ ತಳದ ಕಬ್ಬಿಣದ ಪಾತ್ರೆಯಲ್ಲಿ ಎರಡು ಬೆರಳು ಮರಳು ಇಲ್ಲವೆ ಕಲ್ಲುಪ್ಪು ಹರಡಿ, ಮೇಲೊಂದು ಸಣ್ಣ ಸಿಂಬಿಯನ್ನಿಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿರಿ. ನೆನೆದ ಹಿಟ್ಟಿಗೆ ಬೇಕಿಂಗ್ ಪೌಡರ್ ಮುಕ್ಕಾಲು ಚಿಕ್ಕ ಚಮಚ, ಅಡಿಗೆ ಸೋಡಾ ಕಾಲು ಚಿಕ್ಕ ಚಮಚ, ಏಲಕ್ಕಿ ಸೇರಿಸಿ ತಿರುವಿದ ಕೂಡಲೇ ತುಪ್ಪ ಸವರಿದ ತಟ್ಟೆಗೆ ಸುರಿದು ಒಳಗಿಡಿರಿ. ಮೊಸರಿನ ಹುಳಿ ಸೋಡಾಕ್ಕೆ ತಗುಲಿದೊಡನೆ ಗಾಳಿಗುಳ್ಳೆಗಳು ಏಳುತ್ತವೆ. ಕೇಕು ಉಬ್ಬುವುದು ಅವುಗಳಿಂದಲೇ ಆದುದರಿಂದ ತಡಮಾಡಬಾರದು. ಸಣ್ಣ ಉರಿಯಲ್ಲಿ 40 ರಿಂದ 45 ನಿಮಿಷ ಬೇಯಬೇಕು. ಕಡ್ಡಿ ಚುಚ್ಚಿ ತೆಗೆದರೆ ಹಿಟ್ಟು ಅಂಟಬಾರದು. ಕುಕ್ಕರಿನಲ್ಲಿ ಮಾಡುವವರು ರಬ್ಬರು ಉಂಗುರವನ್ನೂ ವೆಯಿಟನ್ನೂ ತಪ್ಪದೆ ತೆಗೆದಿಡಬೇಕು. ನೀರಿಲ್ಲದೆ ಕಾಯುವ ಪಾತ್ರೆ ಬೇಗ ಸವೆಯುವುದರಿಂದ ನಿತ್ಯದ ಕುಕ್ಕರನ್ನು ಇದಕ್ಕೆ ಬಳಸದಿರುವುದೇ ಕ್ಷೇಮ.

ಮಕ್ಕಳ ಕೈಗೂ ಕೆಲಸ ಕೊಡಿರಿ

ಸೊಪ್ಪು ಬಿಡಿಸುವುದು, ಅವಲಕ್ಕಿ ಉದುರಿಸುವುದು, ಬಿಸ್ಕತ್ತು ಒತ್ತುವುದು, ಇವೆಲ್ಲ ಎಂಟು ವರ್ಷದ ಹುಡುಗನೂ ಹುಡುಗಿಯೂ ಮಾಡಬಲ್ಲ ಕೆಲಸಗಳು. ಒಲೆಯ ಹತ್ತಿರದ ಕೆಲಸ ಮಾತ್ರ ಹಿರಿಯರಿಗಿರಲಿ. ಕೈ ಆಡುವಾಗ ಮಾತೂ ಆಡುತ್ತದೆ: ‘ತರಿ’ ಎಂದರೇನು, ‘ನುಚ್ಚು’ ಎಂದರೇನು, ‘ಚಿಟಿಕೆ’ಗೂ ‘ಹಿಡಿ’ಗೂ ಏನು ಅಂತರ ಎಂಬುದನ್ನು ಪುಸ್ತಕ ಹಿಡಿಯದೆಯೇ ಕಲಿಯುತ್ತಾರೆ. ಪುಂಡಿ, ಪುಂಟಿಕೂರ, ಅಂಬಾಡಾ ಮೂರೂ ಒಂದೇ ಸೊಪ್ಪೆಂದು ಬಲ್ಲ ಮಗುವಿಗೆ ನೆರೆಯವರ ಭಾಷೆಯೂ ಹೊರಗಿನದೆನಿಸುವುದಿಲ್ಲ, ತನ್ನದೂ ಕೀಳೆನಿಸುವುದಿಲ್ಲ.

ಕೊನೆಗೆ ಒಂದು ಸೂಚನೆ. ನಿಮ್ಮ ಮನೆಯಲ್ಲಿ ಹಿರಿಯರು ಇದ್ದರೆ, ಅವರು ಅಡಿಗೆ ಮಾಡುವಾಗ ಬಳಿಯಲ್ಲಿ ನಿಂತು ಅವರ ಕೈಯಳತೆಯನ್ನು ಲೋಟ ಚಮಚಗಳಲ್ಲಿ ಅಳೆದು ಕನ್ನಡದಲ್ಲಿಯೇ ಬರೆದಿಡಿರಿ. ‘ಕಣ್ಣಳತೆ’ಯೆಂಬುದು ಅವರೊಡನೆಯೇ ಹೊರಟುಹೋಗುತ್ತದೆ, ಬರೆದ ಅಳತೆ ಸೊಸೆಗೂ ಮಗನಿಗೂ ಮೊಮ್ಮಕ್ಕಳಿಗೂ ಉಳಿಯುತ್ತದೆ. ಒಂದು ನೋಟುಬುಕ್ಕು, ವಾರಕ್ಕೊಂದು ಪಾಕ, ಇಷ್ಟಾದರೆ ವರ್ಷದ ಕೊನೆಗೆ ಐವತ್ತು ಅಡಿಗೆಗಳ ಪುಸ್ತಕ ನಿಮ್ಮ ಮನೆಯಲ್ಲೇ ಸಿದ್ಧವಾಗುತ್ತದೆ. ಮೊದಲ ಪುಟಕ್ಕೆ ಈ ವಾರ ನೀವು ಮಾಡುವ ಪುಂಡಿಪಲ್ಯವೇ ಬರಲಿ.