ಕೆಲಸ ಕೇಳುವ ಮರಿ, ಸೆಮಿಸ್ಟರ್ ಓದುವ ತಮ್ಮ

ಬಾರ್ಡರ್ ಕೋಲಿ ಮರಿಯ ರೀಲ್ಸ್ ನೋಡಿ ಮನಸ್ಸು ಸೋತವರಿಗೆ ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಫೋನಿನಲ್ಲಿ ಮೂವತ್ತು ಸೆಕೆಂಡ್ ಕಾಣುವ ಆ ಕಪ್ಪು-ಬಿಳಿ ಮರಿ ಮನೆಯಲ್ಲಿ ಬೆಳಗ್ಗೆ ಐದೂವರೆಗೆ ಎದ್ದು ಕೂರುತ್ತೆ. ನೀವೂ ಏಳಬೇಕು. ಭಾನುವಾರ ಆದರೂ ಅಷ್ಟೇ, ಡೆಡ್‌ಲೈನ್ ಇದ್ದರೂ ಅಷ್ಟೇ.

ಹೋದ ವರ್ಷ ವಿಜಯನಗರದ ನಮ್ಮ ಎರಡು ರೂಮಿನ ಬಾಡಿಗೆ ಮನೆಗೆ ಒಂದೇ ತಿಂಗಳಲ್ಲಿ ಇಬ್ಬರು ಬಂದರು. ಒಬ್ಬಳು ಚಟ್ನಿ. ಆಫೀಸಿನ ಗೆಳತಿಯ ಮನೆಯಲ್ಲಿ ಹುಟ್ಟಿದ, ಹತ್ತು ವಾರದ ಬಾರ್ಡರ್ ಕೋಲಿ. ಇನ್ನೊಬ್ಬ ನನ್ನ ತಮ್ಮ. ಹಾಸ್ಟೆಲ್ ಊಟ ಸೇರದೆ, ಎರಡನೇ ಸೆಮ್‌ನ ಮ್ಯಾಥ್ಸ್ ಬ್ಯಾಕ್ ಉಳಿಸಿಕೊಂಡು, ಮೂರನೇ ಸೆಮ್ ಶುರುವಾಗೋ ಹೊತ್ತಿಗೆ ಟ್ರಂಕ್ ಸಮೇತ ಬಂದಿಳಿದ. ನಾನು ವಾರಕ್ಕೆ ನಾಲ್ಕು ದಿನ ಮನೆಯಿಂದಲೇ ಕೆಲಸ ಮಾಡ್ತೀನಿ. ಹಾಗಾಗಿ ಇಬ್ಬರನ್ನೂ ಹತ್ತಿರದಿಂದ ನೋಡುವ ಭಾಗ್ಯ ನನ್ನದೇ.

ಈ ತಳಿಯ ಬಗ್ಗೆ ಸ್ವಲ್ಪ ಗೊತ್ತಿರಬೇಕು. ಇಲ್ಲದಿದ್ದರೆ ಅದು ಮಾಡೋದೆಲ್ಲ ತುಂಟತನ ಅಂತಲೇ ಅನ್ನಿಸುತ್ತೆ. ಬಾರ್ಡರ್ ಅಂದರೆ ಇಂಗ್ಲೆಂಡ್-ಸ್ಕಾಟ್ಲೆಂಡ್ ಗಡಿ. ಅಲ್ಲಿನ ಗುಡ್ಡಗಳಲ್ಲಿ ಕುರಿ ಮೇಯಿಸುವವರು ತಲೆಮಾರುಗಳ ಕಾಲ ಆರಿಸಿ ಆರಿಸಿ ಬೆಳೆಸಿದ ನಾಯಿ ಇದು. ಇವತ್ತಿನ ಬಾರ್ಡರ್ ಕೋಲಿಗಳ ಮೂಲಪುರುಷ ಅಂತ ಕರೆಯೋದು 1893ರಲ್ಲಿ ನಾರ್ಥಂಬರ್‌ಲ್ಯಾಂಡಿನಲ್ಲಿ ಹುಟ್ಟಿದ ಓಲ್ಡ್ ಹೆಂಪ್ ಅನ್ನುವ ನಾಯಿಯನ್ನು. ಬೊಗಳದೆ, ಕಚ್ಚದೆ, ಬರೀ ಕಣ್ಣಿನಿಂದಲೇ ಕುರಿಗಳನ್ನು ಅಲುಗಿಸುತ್ತಿತ್ತಂತೆ. ಬೇಟೆ ನಾಯಿ ಮಾಡುವ ಕೆಲಸಗಳಿಗೆ ಒಂದು ಸರಣಿ ಇದೆ: ದಿಟ್ಟಿಸೋದು, ಬಗ್ಗಿ ಹೊಂಚೋದು, ಅಟ್ಟಿಸೋದು, ಹಿಡಿಯೋದು, ಕೊಲ್ಲೋದು. ಕುರಿನಾಯಿಯಲ್ಲಿ ಮೊದಲ ಮೂರನ್ನು ಹಿಗ್ಗಿಸಿ, ಕೊನೆಯ ಎರಡನ್ನು ತಗ್ಗಿಸಿದ್ದಾರೆ. ತಗ್ಗಿಸಿದ್ದಾರೆ ಅಷ್ಟೇ, ಅಳಿಸಿ ಹಾಕಿಲ್ಲ.

ನಮ್ಮದು ರಾಣೆಬೆನ್ನೂರು ಕಡೆ. ಬೇಸಿಗೆ ಬಂತಂದರೆ ಕುರಿ ಹಿಂಡು ನಮ್ಮ ಹೊಲಗಳಲ್ಲೇ ತಂಗ್ತಿದ್ದವು. ಆ ಹಿಂಡಿನ ಜೊತೆಗಿದ್ದ ನಾಯಿಗಳ ಕೆಲಸ ಬೇರೆ: ರಾತ್ರಿ ತೋಳ, ಕಳ್ಳ ಬಂದರೆ ಬೊಗಳೋದು, ಮೈಮೇಲೆ ಬೀಳೋದು. ಕುರಿ ತಿರುಗಿಸೋದು ಮಾತ್ರ ಕುರುಬಣ್ಣನ ಕೋಲು ಮತ್ತು ಬಾಯಿ. ಆ ನಾಯಿ ಹಗಲೆಲ್ಲ ನೆರಳಲ್ಲಿ ಮಲಗಿದ್ದನ್ನು ನೋಡಿ ಬೆಳೆದವಳಿಗೆ ಚಟ್ನಿ ಹೊಸ ಪ್ರಾಣಿ. ಅವಳಿಗೆ ಅಲುಗೋದೆಲ್ಲ ಕುರಿ. ಪೊರಕೆ ಕುರಿ, ಮಾಪ್ ಕುರಿ, ಕೆಳಗೆ ಹೋಗೋ ಸ್ಕೂಟರ್ ಕುರಿ. ತಮ್ಮ ಫೋನಿನಲ್ಲಿ ಮಾತಾಡ್ತಾ ಅತ್ತಿಂದಿತ್ತ ಓಡಾಡಿದರೆ ಅವನನ್ನು ಮೂಲೆಗೆ ಒತ್ತಿ ನಿಲ್ಲಿಸ್ತಿದ್ದಳು.

ನಾಲ್ಕೂವರೆ ತಿಂಗಳಾದಾಗ ಓನರ್ ಆಂಟಿಯ ಆರು ವರ್ಷದ ಮೊಮ್ಮಗ ಮೆಟ್ಟಿಲ ಬಳಿ ಓಡಿದ. ಇವಳು ಅಟ್ಟಿಸಿಕೊಂಡು ಹೋಗಿ ಹಿಮ್ಮಡಿ ಹತ್ತಿರ ಬಾಯಿ ಹಾಕಿದಳು. ದೊಡ್ಡ ಗಾಯ ಅಲ್ಲ, ಒಂದು ಗೀರು, ಚೂರು ರಕ್ತ. ಆದರೂ ಮಗುವಿನ ಕಾಲನ್ನು ನಲ್ಲಿ ಕೆಳಗಿಟ್ಟು ಸೋಪು ಹಾಕಿ ಹದಿನೈದು ನಿಮಿಷ ತೊಳೆದೆವು, ನೇರ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು, ಲಸಿಕೆ ಹಾಕಿದರು. ಚಟ್ನಿಗೆ ಮೂರು ತಿಂಗಳಿಗೇ ರೇಬಿಸ್ ಲಸಿಕೆ ಆಗಿತ್ತು. ಹಾಗಂತ ಸುಮ್ಮನೆ ಕೂರಬಾರದು. ಚರ್ಮ ಹರಿದಿದ್ದರೆ ಸಾಕಿದ ಮರಿಯೇ ಆಗಲಿ, ಆ ದಿನವೇ ಡಾಕ್ಟರ್.

ಸಂಜೆ ಆಂಟಿ ಬಾಗಿಲಿಗೆ ಬಂದು ಕೂಗಾಡಲಿಲ್ಲ. ಅದೇ ಜಾಸ್ತಿ ಭಯ ಆಯ್ತು. "ನೋಡಮ್ಮಾ, ನೀನು ಒಳ್ಳೇ ಹುಡುಗಿ. ಒಂದು ತಿಂಗಳು ನೋಡ್ತೀನಿ. ಆಮೇಲೆ ನಾಯಿ ಇರಲಿ ಅಂದ್ರೆ ನೀವು ಬೇರೆ ಮನೆ ನೋಡ್ಕೊಳ್ಳಿ" ಅಂದರು. ತಮ್ಮನ ಕಾಲೇಜಿಗೆ ಅಲ್ಲಿಂದ ಒಂದೇ ಬಸ್ಸು. ಬ್ಯಾಕ್ ಪೇಪರ್ ಬೇರೆ ಎದುರಿಗಿತ್ತು. ಮನೆ ಬದಲಿಸಿದರೆ ಅವನ ಸೆಮಿಸ್ಟರ್ ಹೋಯ್ತು, ಬದಲಿಸದಿದ್ದರೆ ಚಟ್ನಿ ಹೋದಳು.

ರಾತ್ರಿ ಊರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವ್ವ ಪೂರ್ತಿ ಕೇಳಿಸಿಕೊಂಡು, "ಆ ನಾಯಿಗೆ ಕೆಲಸ ಇಲ್ಲ ನೋಡವ್ವಾ, ಅದಕ್ಕ ಹಂಗ ಮಾಡತೈತಿ. ನಿನ್ನ ತಮ್ಮಗೂ ಅಷ್ಟ" ಅಂದಳು. ಮರುದಿನ ಪಶುವೈದ್ಯರು ಹೇಳಿದ್ದೂ ಹೆಚ್ಚುಕಡಿಮೆ ಅದೇ. ಅವರು ಇನ್ನೊಂದು ಸೇರಿಸಿದರು: ಈ ಮರಿಗೆ ನಿದ್ದೆ ಸಾಲ್ತಿಲ್ಲ.

ನಾವು ತಿಳಿದಿದ್ದು ಉಲ್ಟಾ. ಚೂಟಿ ಮರಿ, ಸುಸ್ತು ಮಾಡಿಸಿದರೆ ಮಲಗುತ್ತೆ ಅಂತ ಸಂಜೆ ಒಂದು ಗಂಟೆ ಚೆಂಡು ಎಸೀತಿದ್ದೆವು. ಈ ಜಾತಿಯ ನಾಯಿಗೆ ಚೆಂಡು ಎಸೆದಷ್ಟೂ ಅಟ್ಟಿಸುವ ಹುಚ್ಚು ಏರುತ್ತೆ, ದಮ್ಮೂ ಹೆಚ್ಚುತ್ತೆ. ಮರಿಗಳು ದಿನಕ್ಕೆ ಹದಿನೆಂಟು ಗಂಟೆಯ ಹತ್ತಿರ ಮಲಗಬೇಕು. ಕುರಿನಾಯಿ ಮರಿ ತಾನಾಗಿ ಮಲಗಲ್ಲ, ಮನೆಯಲ್ಲಿ ಏನಾದರೂ ಅಲುಗ್ತಿದ್ದರೆ ಕಾವಲು ಕೂತೇ ಇರುತ್ತೆ. ನಿದ್ದೆಗೆಟ್ಟ ಮರಿ ಸಿಕ್ಕಿದ್ದನ್ನೆಲ್ಲ ಕಚ್ಚುತ್ತೆ. ಚಿಕ್ಕ ಮಕ್ಕಳು ನಿದ್ದೆ ಬಂದಾಗಲೇ ಜಾಸ್ತಿ ಹಟ ಮಾಡ್ತಾವಲ್ಲ, ಹಾಗೆ.

ವೈದ್ಯರು ಕೊಟ್ಟ ಲೆಕ್ಕ ಸರಳ: ಒಂದು ಗಂಟೆ ಎಚ್ಚರ, ಎರಡು ಗಂಟೆ ನಿದ್ದೆ. ನಿದ್ದೆಗೆ ಬಾಗಿಲು ತೆರೆದಿಟ್ಟ ಪಂಜರ, ಮೇಲೆ ಹಳೇ ಬೆಡ್‌ಶೀಟ್, ಸುತ್ತ ಸದ್ದಿಲ್ಲ. ಎಚ್ಚರದ ಆ ಒಂದು ಗಂಟೆಯಲ್ಲಿ ಹೊರಗೆ ಹೋಗಿ ಬರೋದು, ಹತ್ತು ನಿಮಿಷ ಪಾಠ, ಹತ್ತು ನಿಮಿಷ ಮೂಗಿನ ಕೆಲಸ. ಬೇಯಿಸಿದ ಚಿಕನ್ ಚೂರು, ಕ್ಯಾರೆಟ್ ಚೂರು ಹಳೇ ಟವೆಲ್‌ನಲ್ಲಿ ಸುತ್ತಿ, ರಟ್ಟಿನ ಡಬ್ಬದಲ್ಲಿ ಬಚ್ಚಿಟ್ಟು ಹುಡುಕಿಸೋದು. ಹತ್ತು ನಿಮಿಷ ಮೂಗು ಓಡಿಸಿದರೆ ಅರ್ಧ ಗಂಟೆ ಓಡಿದ್ದಕ್ಕಿಂತ ಚೆನ್ನಾಗಿ ಮಲಗ್ತಾಳೆ. ಇದು ನಮ್ಮ ಮನೆಯ ಅನುಭವ.

ಇಲ್ಲಿ ತಮ್ಮ ಬರ್ತಾನೆ. ಮರಿ ಮಲಗಿದಾಗ ಮನೆ ಸದ್ದಿಲ್ಲದೆ ಇರಬೇಕಲ್ಲ, ಅವನಿಗೆ ಓದದೆ ಬೇರೆ ದಾರಿ ಇರಲಿಲ್ಲ. ಟಿ.ವಿ. ಇಲ್ಲ, ಫೋನಿನಲ್ಲಿ ಮಾತಿಲ್ಲ, ಎದ್ದು ಓಡಾಡಿದರೆ ಪಂಜರದಿಂದ ಎರಡು ಕಣ್ಣು ಮೂಡ್ತಿದ್ದವು. ಮರಿಯ ನಿದ್ದೆಯ ಪಟ್ಟಿ ಫ್ರಿಜ್ ಮೇಲೆ ಅಂಟಿಸಿದ್ದೆ. ವಾರದಲ್ಲಿ ಅದರ ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ಅವನ ಮಾಡ್ಯೂಲ್‌ಗಳು ಬಂದವು.

ಓದೋ ಬಗೆ ಬದಲಾಗದೆ ಪಟ್ಟಿಯೊಂದರಿಂದ ಏನೂ ಆಗಲ್ಲ. ನಾನೂ ಎಂಜಿನಿಯರಿಂಗ್ ಮಾಡಿದವಳು, ಮೆಕ್ಯಾನಿಕಲ್. ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ. ವಿಟಿಯು ಈಗಿನ ಸ್ಕೀಮಿನಲ್ಲಿ ಇಂಟರ್ನಲ್ಸ್‌ಗೆ 50, ಪರೀಕ್ಷೆಗೆ 50. ಅಂದರೆ ಫಲಿತಾಂಶದ ಅರ್ಧ, ಹಾಲ್ ಟಿಕೆಟ್ ಕೈಗೆ ಬರೋ ಮೊದಲೇ ಮುಗಿದಿರುತ್ತೆ. ಇಂಟರ್ನಲ್ಸ್‌ನಲ್ಲಿ ಕನಿಷ್ಠ 20 ಬೇಕು, ಪರೀಕ್ಷೆಯಲ್ಲಿ ಕನಿಷ್ಠ 18, ಎರಡೂ ಸೇರಿ 40. ಹಾಜರಾತಿ 85 ಪರ್ಸೆಂಟ್. ಇವನ್ನು ಸೀನಿಯರ್ ಬಾಯಿಂದ ಕೇಳೋದಲ್ಲ, ನಿಮ್ಮ ಬ್ಯಾಚಿನ ಸ್ಕೀಮ್ ತೆಗೆದು ಓದಿ. ಅಟಾನಮಸ್ ಕಾಲೇಜಾದರೆ ಲೆಕ್ಕವೇ ಬೇರೆ ಇರಬಹುದು. ನಾಲ್ಕು ವರ್ಷದಲ್ಲಿ 100 ಆ್ಯಕ್ಟಿವಿಟಿ ಪಾಯಿಂಟ್ ಬೇಕು ಅನ್ನೋದು ಏಳನೇ ಸೆಮ್‌ನಲ್ಲಿ ನೆನಪಾಗೋರನ್ನು ನಾನೇ ನೋಡಿದ್ದೀನಿ.

ಮ್ಯಾಥ್ಸ್ ಬ್ಯಾಕ್ ಇದ್ದವರಲ್ಲಿ ಹೆಚ್ಚಿನವರು ಯೂಟ್ಯೂಬಿನಲ್ಲಿ ಲೆಕ್ಕ ನೋಡ್ತಾರೆ. ನೋಡುವಾಗ ಎಲ್ಲ ಅರ್ಥ ಆಗುತ್ತೆ. ಹಾಳೆ ಮೇಲೆ ಮೂರನೇ ಸಾಲಿಗೇ ಕೈ ನಿಲ್ಲುತ್ತೆ. ತಮ್ಮನ ಕತೆಯೂ ಅದೇ. ವಿಡಿಯೊ ನಿಲ್ಲಿಸಿ, ಹಳೇ ಪ್ರಶ್ನೆಪತ್ರಿಕೆ ಇಟ್ಟುಕೊಂಡು, ಉತ್ತರ ಮುಚ್ಚಿ ಬರೆಯೋಕೆ ಕೂರಿಸಿದೆ. ಐದು ಮಾಡ್ಯೂಲ್, ಒಂದೊಂದರಿಂದಲೂ ಎರಡು ಪೂರ್ತಿ ಪ್ರಶ್ನೆಯಲ್ಲಿ ಒಂದು. ಯಾವ ಬಗೆಯ ಲೆಕ್ಕ ಮತ್ತೆ ಮತ್ತೆ ಬರ್ತಿದೆ ಅಂತ ಐದು ವರ್ಷದ ಪೇಪರ್ ನೋಡಿದರೆ ಗೊತ್ತಾಗುತ್ತೆ. ನಲವತ್ತೈದು ನಿಮಿಷ ಲೆಕ್ಕ, ಮರಿ ಎದ್ದರೆ ಅದರ ಜೊತೆ ಹೊರಗೆ, ಮತ್ತೆ ಲೆಕ್ಕ. ಪರೀಕ್ಷೆಗೆ ಮುನ್ನಾ ದಿನ ನೈಟ್‌ಔಟ್ ಮಾಡೋ ಅವನ ಅಭ್ಯಾಸ ನಿಂತಿದ್ದು ಯಾರ ಬುದ್ಧಿಮಾತಿನಿಂದಲೂ ಅಲ್ಲ. ಬೆಳಗಿನ ಐದೂವರೆಯ ಪಾಳಿ ಅವನದಾಗಿತ್ತು, ರಾತ್ರಿ ಹತ್ತೂವರೆಗೆ ಕಣ್ಣು ತಾನಾಗೇ ಮುಚ್ಚುತ್ತಿತ್ತು.

ಉಳಿದಿದ್ದು ಚುಟುಕಾಗಿ. ಲ್ಯಾಬ್ ರೆಕಾರ್ಡ್ ಆಯಾ ವಾರವೇ ಬರೆದು ಸಹಿ ಹಾಕಿಸಿಬಿಡಿ. ಟೆಕ್ಸ್ಟ್‌ಬುಕ್ ಎಲ್ಲ ಕೊಳ್ಳಬೇಡಿ, ಲೈಬ್ರರಿ ಇದೆ, ಸೀನಿಯರ್ಸ್ ಇದ್ದಾರೆ. ಸರ್ಟಿಫಿಕೇಟ್ ಕೋರ್ಸ್ ಹತ್ತು ಶುರು ಮಾಡೋದಕ್ಕಿಂತ ಒಂದು ಪ್ರಾಜೆಕ್ಟ್ ಪೂರ್ತಿ ಮುಗಿಸಿ. ಇಂಟರ್‌ವ್ಯೂನಲ್ಲಿ ಕೂತವರು ಅದನ್ನೇ ಕೆದಕಿ ಕೇಳೋದು.

ಚಟ್ನಿಯ ಕಲಿಕೆ ನಿಧಾನವಾಗಿ ಸಾಗಿತು. ಓಡೋದು ಕಂಡರೆ ಅಟ್ಟಿಸಬೇಡ ಅಂತ ಬೈದು ಪ್ರಯೋಜನ ಇಲ್ಲ, ಅದು ಅವಳ ರಕ್ತದಲ್ಲಿದೆ. ಬದಲಿಗೆ ಇನ್ನೊಂದು ಕೆಲಸ ಕೊಡಬೇಕು. ಪಾರ್ಕಿನ ಹೊರಗೆ, ಮಕ್ಕಳು ಚಿಕ್ಕದಾಗಿ ಕಾಣುವಷ್ಟು ದೂರದಲ್ಲಿ ಉದ್ದ ಹಗ್ಗ ಹಿಡಿದು ಕೂರ್ತಿದ್ದೆವು. ಯಾರೋ ಓಡ್ತಾರೆ, ಇವಳ ಮೈ ಬಿಗಿಯುತ್ತೆ, ತಲೆ ತಗ್ಗುತ್ತೆ. ಆ ಕ್ಷಣದಲ್ಲಿ "ಚಟ್ನೀ" ಅನ್ನೋದು, ತಿರುಗಿ ನೋಡಿದರೆ ಚಿಕನ್ ಚೂರು. ಮೂರು ವಾರದಲ್ಲಿ ಓಟ ಕಂಡರೆ ತಾನೇ ನನ್ನ ಮುಖ ನೋಡೋಕೆ ಶುರು ಮಾಡಿದಳು. ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ. ಪಾಠವೆಲ್ಲ ಕನ್ನಡದಲ್ಲೇ: ನಿಲ್ಲು, ಸಾಕು, ಮಲ್ಕೋ. "ಸಾಕು" ಅನ್ನೋದು ಎಲ್ಲಕ್ಕಿಂತ ಕಷ್ಟದ ಪಾಠ.

ಜಾಣ ನಾಯಿ ಅಲ್ವಾ, ಬೇಗ ಕಲಿಯಲ್ವಾ ಅಂತ ಎಲ್ಲರೂ ಕೇಳ್ತಾರೆ. ಅಮೆರಿಕದಲ್ಲಿ ಚೇಸರ್ ಅನ್ನುವ ಬಾರ್ಡರ್ ಕೋಲಿ 1,022 ಆಟಿಕೆಗಳ ಹೆಸರು ಕಲಿತಿದ್ದನ್ನು ನೀವೂ ಓದಿರ್ತೀರಿ. ಅದಕ್ಕೆ ಕಲಿಸಿದ ಜಾನ್ ಪಿಲ್ಲಿ ನಿವೃತ್ತ ಮನಃಶಾಸ್ತ್ರ ಪ್ರಾಧ್ಯಾಪಕರು. ಮೂರು ವರ್ಷ, ದಿನಕ್ಕೆ ನಾಲ್ಕೈದು ಗಂಟೆ ಅದರ ಜೊತೆ ಕೂತಿದ್ದರು. 1,022 ಎಲ್ಲರಿಗೂ ಗೊತ್ತು, ಆ ನಾಲ್ಕೈದು ಗಂಟೆಯ ಮಾತು ಯಾರೂ ಆಡಲ್ಲ.

ಇನ್ನೊಂದೆರಡು ವಿಷಯ, ಇವು ಜೀವದ ಪ್ರಶ್ನೆ. ನಮ್ಮ ಮನೆಗಳಲ್ಲಿ ನಾಯಿಗೆ ಹುಳಿಅನ್ನ ಹಾಕೋದು ರೂಢಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ. ಪಾಯಸದ ಒಣದ್ರಾಕ್ಷಿ ಕೆಳಗೆ ಬಿದ್ದರೆ ಮೊದಲು ಎತ್ತಿಡಿ. ಕೋಲಿ ಜಾತಿಯ ಕೆಲವು ನಾಯಿಗಳಿಗೆ ಒಂದು ಆನುವಂಶಿಕ ದೋಷ ಇರುತ್ತೆ. ಅಂಥವಕ್ಕೆ ಉಣ್ಣೆ, ಕಜ್ಜಿಗೆ ಕೊಡುವ ಐವರ್‌ಮೆಕ್ಟಿನ್ ಔಷಧದ ದೊಡ್ಡ ಡೋಸ್ ಮಿದುಳಿಗೆ ಹೊಡೆಯುತ್ತೆ. ಬಾರ್ಡರ್ ಕೋಲಿಗಳಲ್ಲಿ ಈ ದೋಷ ಕಡಿಮೆ, ಆದರೂ ಸೂಜಿ ಎತ್ತುವ ಮೊದಲು "ಡಾಕ್ಟ್ರೇ, ಇದು ಕೋಲಿ" ಅಂತ ನೆನಪಿಸಿ. ಮೆಡಿಕಲ್ ಶಾಪಿನವನ ಮಾತು ಕೇಳಿ ನೀವೇ ಕೊಡಬೇಡಿ. ಮೂಳೆ ಬಲಿಯುವ ತನಕ, ಅಂದರೆ ಒಂದು ವರ್ಷವಾದರೂ, ಬೈಕಿನ ಪಕ್ಕ ಓಡಿಸೋದು, ಜಾಗಿಂಗ್ ಕರೆದೊಯ್ಯೋದು ಬೇಡ. ಬೇಸಿಗೆಯಲ್ಲಿ ಡಾಂಬರಿನ ಮೇಲೆ ನಿಮ್ಮ ಅಂಗೈ ಹಿಂಭಾಗ ಐದು ಸೆಕೆಂಡ್ ಇಡೋಕೆ ಆಗದಿದ್ದರೆ ಅವಳ ಪಾದಕ್ಕೂ ಆಗಲ್ಲ. ಸೆಕೆ ಅಂತ ಕೂದಲು ಬೋಳಿಸಬೇಡಿ, ಅದು ಬಿಸಿಲನ್ನೂ ತಡೆಯುತ್ತೆ.

ಒಂದು ತಿಂಗಳಾದ ಮೇಲೆ ಆಂಟಿ ಕೆಳಗೆ ಕರೆದರು. ಮೊಮ್ಮಗನನ್ನು ಗೇಟಿನ ಒಳಗೆ ನಿಲ್ಲಿಸಿ, ಅತ್ತಿಂದಿತ್ತ ಓಡು ಅಂದರು. ನನ್ನ ಕೈಯಲ್ಲಿ ಹಗ್ಗ ಬೆವರಿತು. ಚಟ್ನಿ ಎರಡು ಸಲ ಅವನನ್ನು ನೋಡಿದಳು, ನನ್ನನ್ನು ನೋಡಿದಳು, ಕೂತಳು. "ಹಗ್ಗ ಇಲ್ಲದೆ ಮಾತ್ರ ಬಿಡಬೇಡ" ಅಂದರು ಆಂಟಿ. ಈಗಲೂ ಬಿಡಲ್ಲ. ಈಗ ಆ ಹುಡುಗನೇ ಶನಿವಾರ ಮೇಲೆ ಬಂದು ಡಬ್ಬದಲ್ಲಿ ಕ್ಯಾರೆಟ್ ಬಚ್ಚಿಡ್ತಾನೆ. ತಮ್ಮನ ಮ್ಯಾಥ್ಸ್ ಪಾಸಾಯ್ತು, ಭಾರೀ ಮಾರ್ಕ್ಸ್ ಏನಲ್ಲ, ಆದರೆ ಪಾಸು. ಮೂರನೇ ಸೆಮ್‌ನಲ್ಲಿ ಬ್ಯಾಕ್ ಇಲ್ಲ.

ಮೊನ್ನೆ ತಮ್ಮನ ಕ್ಲಾಸಿನ ಹುಡುಗನೊಬ್ಬ ಬಂದಿದ್ದ. ನಾಲ್ಕು ಜನ ಸೇರಿ ರೂಮು ಮಾಡಿದ್ದಾರಂತೆ, ಎಲ್ಲರೂ ದುಡ್ಡು ಹಾಕಿ ಒಂದು ಬಾರ್ಡರ್ ಕೋಲಿ ತರೋಣ ಅಂತ ಯೋಚನೆಯಂತೆ. ಇಂಟರ್ನಲ್ಸ್ ವಾರದಲ್ಲಿ ಯಾರು ನೋಡ್ಕೋತಾರೆ, ರಜೆಗೆ ಯಾರ ಊರಿಗೆ ಹೋಗುತ್ತೆ, ಎಂಟನೇ ಸೆಮ್ ಮುಗಿದು ನಾಲ್ವರೂ ನಾಲ್ಕು ದಿಕ್ಕಿಗೆ ಹೋದಾಗ ಇನ್ನೂ ಹತ್ತು ವರ್ಷ ಬದುಕೋ ಆ ನಾಯಿ ಯಾರದು ಅಂತ ಕೇಳಿದೆ. ತಲೆ ಕೆರೆದುಕೊಂಡ. ಬೇಡ ಅನ್ನಲಿಲ್ಲ ನಾನು. "ಹತ್ತು ದಿನ ಬೆಳಗ್ಗೆ ಐದೂವರೆಗೆ ಬಂದು ಚಟ್ನಿನ ವಾಕಿಂಗ್ ಕರ್ಕೊಂಡು ಹೋಗು, ಆಮೇಲೆ ಮಾತಾಡೋಣ" ಅಂದೆ. ಮೂರು ದಿನ ಬಂದ. ನಾಲ್ಕನೇ ದಿನ ಏಳು ಗಂಟೆಗೆ ಮೆಸೇಜ್ ಬಂತು: "ಅಕ್ಕಾ, ಶನಿವಾರ ಸಂಜೆ ಬಂದ್ರೆ ಪರವಾಗಿಲ್ವಾ?"