ಅನ್ಯಾಯಗಾರನಾದ ನ್ಯಾಯಾಧಿಪತಿಯೂ ಧೈರ್ಯಗೆಡದ ವಿಧವೆಯೂ

ಲೂಕನ ಸುವಾರ್ತೆಯ 18ನೆಯ ಅಧ್ಯಾಯದ ಆರಂಭದಲ್ಲಿ ನಮ್ಮ ಕರ್ತನು ಹೇಳಿದ ಚಿಕ್ಕದೊಂದು ಸಾಮ್ಯವುಂಟು. ಒಂದೂರಿನಲ್ಲಿ ದೈವಭೀತಿಯೂ ಲೋಕಲಜ್ಜೆಯೂ ಇಲ್ಲದ ಒಬ್ಬ ನ್ಯಾಯಾಧಿಪತಿಯಿದ್ದನು. ಆ ಊರಿನ ವಿಧವೆಯೊಬ್ಬಳು ತನ್ನ ವಿರೋಧಿಯಿಂದಾದ ಅನ್ಯಾಯವನ್ನು ಪರಿಹರಿಸಬೇಕೆಂದು ಅವನ ಬಳಿಗೆ ಎಡೆಬಿಡದೆ ಬರುತ್ತಿದ್ದಳು. ಬಹುಕಾಲ ಕಿವಿಗೊಡದಿದ್ದವನು ಕೊನೆಗೆ ಅವಳ ಕಾಟವನ್ನು ತಾಳಲಾರದೆ ನ್ಯಾಯ ತೀರಿಸಿದನು. ನಮ್ಮಲ್ಲಿ ಓದಿ ಹೋದ ಸೋದರಿಯರು ಬಾಲ್ಯದಲ್ಲಿಯೇ ಇದನ್ನು ಕೇಳಿರುವರು. ಆದರೂ ಇದರ ಅರ್ಥವನ್ನು ಕುರಿತು ಇಲ್ಲಿ ಕೆಲವು ಮಾತುಗಳನ್ನು ಬರೆಯುವುದು ಉಚಿತವೆಂದು ನಮಗೆ ತೋರಿತು.

ದೇವರು ಆ ನ್ಯಾಯಾಧಿಪತಿಯಂತೆ ಪೀಡಿಸಿದರೆ ಮಾತ್ರ ಕೊಡುವವನೆಂದು ಕೆಲವರು ಎಣಿಸುವುದುಂಟು. ಕರ್ತನ ಅಭಿಪ್ರಾಯವು ಇದಕ್ಕೆ ತೀರ ವಿರುದ್ಧವಾದುದು. ಅಂಥ ಕಲ್ಲೆದೆಯವನೇ ಕಡೆಗೆ ನ್ಯಾಯ ತೀರಿಸಿದನೆಂದ ಮೇಲೆ ನೀತಿಸ್ವರೂಪನಾದ ತಂದೆಯು ತೀರಿಸದಿರುವನೇ ಎಂಬುದೇ ಇಲ್ಲಿಯ ವಾದಸರಣಿ.

ವಿಧವೆಯನ್ನೇ ಏಕೆ ಆರಿಸಿಕೊಂಡನು? ಅರಣ್ಯಕಾಂಡದ 27ನೆಯ ಅಧ್ಯಾಯದಲ್ಲಿ ಸತ್ತವನ ಸೊತ್ತಿಗೆ ಬಾಧ್ಯರು ಯಾರು ಯಾರೆಂದು ಹೇಳಿದೆ, ಮಗ, ಮಗಳು, ಅಣ್ಣತಮ್ಮಂದಿರು, ತಂದೆಯ ಅಣ್ಣತಮ್ಮಂದಿರು, ಸಮೀಪಬಂಧು ಇವರ ಹೆಸರುಂಟು, ಹೆಂಡತಿಯ ಹೆಸರಿಲ್ಲ. ಲಂಚಕ್ಕೆ ಹಣವಾಗಲಿ, ಪರವಾಗಿ ನಿಲ್ಲುವ ಗಂಡಸಾಗಲಿ ಅವಳಿಗಿರಲಿಲ್ಲ. ಅವಳು ಬೇಡಿದ್ದು ಭಿಕ್ಷೆಯಲ್ಲ, ನ್ಯಾಯ. ಅವಳ ಬರುವಿಕೆಗೆ ನ್ಯಾಯಾಧಿಪತಿಯು ಅಂಜಿದನೆಂಬಲ್ಲಿ ಗ್ರೀಕ್ ಮೂಲದಲ್ಲಿರುವ ಮಾತಿಗೆ ಕಣ್ಣಿನ ಕೆಳಗೆ ಗುದ್ದುವುದೆಂದು ಅರ್ಥ. ಬರಿಗೈಯ ಅಬಲೆಯು ಅವನಿಗೆ ಜಟ್ಟಿಯಂತೆ ತೋರಿದಳು!

ಇಂಥ ವಿಧವೆಯರು ಯೂದಾಯದಲ್ಲಿ ಮಾತ್ರ ಇದ್ದರೆಂದು ತಿಳಿಯಬಾರದು. ನಮ್ಮ ಕೈಲಾಂಚದ ಸುತ್ತಣ ಹಳ್ಳಿಗಳಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದು, ರಾತ್ರಿಯೆಲ್ಲ ಹುಳುವಿಗೆ ಮೇವಿಕ್ಕಿ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವವಳು ಮನೆಯ ತಾಯಿ. ಗೂಡು ರಾಮನಗರದ ಮಾರುಕಟ್ಟೆಗೆ ಹೋಗುವುದು. ಪಹಣಿಯಲ್ಲಿ ಮಾತ್ರ ಅನೇಕ ವೇಳೆ ಗಂಡನ ಹೆಸರೊಂದೇ ಇರುವುದು. ಆತನು ತೀರಿಕೊಂಡ ಮೇಲೆ, "ಅನ್ನಬಟ್ಟೆಗೆ ನಾವಿಲ್ಲವೇ ಅತ್ತಿಗೆ, ನಿಮಗೇಕೆ ಕಾಗದದ ಗೊಡವೆ?" ಎಂದು ಹೆಬ್ಬೆಟ್ಟು ಒತ್ತಿಸಿಕೊಳ್ಳುವವರು ಇಲ್ಲದಿಲ್ಲ.

ಕಾನೂನು ಆಕೆಯನ್ನು ಕೈಬಿಟ್ಟಿಲ್ಲ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹಿಂದೂ ವಿಧವೆಗೂ ಹಕ್ಕುಂಟೆಂದು ಮೈಸೂರು ಸಂಸ್ಥಾನವು 1933ರಲ್ಲಿಯೇ ಕಾಯಿದೆ ಮಾಡಿತು. ಬ್ರಿಟಿಷ್ ಇಂಡಿಯಾದಲ್ಲಿ ಅಂಥ ಕಾಯಿದೆ ಬಂದದ್ದು 1937ರಲ್ಲಿ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಉಯಿಲು ಬರೆಯದೆ ತೀರಿಕೊಂಡವನ ಸ್ವಂತ ಸ್ವತ್ತಿನಲ್ಲಿ ವಿಧವೆಗೆ ಮಗನೊಡನೆ ಸಮಪಾಲನ್ನು ವಿಧಿಸಿತು. ಮಕ್ಕಳಿರುವ ಕ್ರೈಸ್ತ ವಿಧವೆಗೆ 1925ರ ಕಾಯಿದೆಯಂತೆ ಮೂರರಲ್ಲೊಂದು ಪಾಲು, ಮುಸಲ್ಮಾನ ಧರ್ಮಶಾಸ್ತ್ರದಂತೆ ಎಂಟರಲ್ಲೊಂದು ಪಾಲು ಸಲ್ಲುವುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಂಗಸಾದವಳಿಗೆ ವರಮಾನ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಆದರೆ ಹಕ್ಕು ತಾನಾಗಿ ಮನೆಬಾಗಿಲಿಗೆ ಬರುವುದಿಲ್ಲ. ಪೌತಿ ಖಾತೆಗೆ ಅರ್ಜಿ ಕೊಡಬೇಕು. ನಾಳೆ ಬಾ ಎಂದರೆ ನಾಳೆಯೂ ಹೋಗಬೇಕು.

ಆದುದರಿಂದ, ಪ್ರಿಯ ಸೋದರಿಯರೇ, ಓದಿ ತಿಳಿಯದೆ ಯಾವ ಕಾಗದಕ್ಕೂ ರುಜು ಹಾಕಬೇಡಿರಿ. ನೆರೆಮನೆಯ ಓದುಬಾರದ ತಾಯಿಗೂ ಓದಿ ಹೇಳಿರಿ. ಆಕೆಯ ಸಂಗಡ ಕಚೇರಿಗೆ ಹೋಗಿರಿ. ತಂದೆತಾಯಿಗಳಲ್ಲಿಯೂ ನಮ್ಮದೊಂದು ಬಿನ್ನಹವುಂಟು. ನ್ಯಾಯಾಧಿಪತಿಯು ಕಚೇರಿಯಲ್ಲಿ ಮಾತ್ರ ಕುಳಿತಿರುವುದಿಲ್ಲ. ಮನೆಯ ಕಾಗದಪತ್ರಗಳ ಪೆಟ್ಟಿಗೆಯ ಬೀಗದ ಕೈ ಯಾರಲ್ಲಿರುವುದೋ ಅವರೇ ಆ ಮನೆಯ ನ್ಯಾಯಾಧಿಪತಿಗಳು. ಸೊಸೆಯಾಗಲಿ ಮಗಳಾಗಲಿ ಹತ್ತು ಸಲ ಕೇಳುವಂತೆ ಮಾಡದೆ, ಮೊದಲನೆಯ ಸಲವೇ ಅವಳ ಪಾಲನ್ನು ಅವಳಿಗೆ ಸಲ್ಲಿಸಿರಿ.

ಮನುಷ್ಯಕುಮಾರನು ಬರುವಾಗ ಭೂಮಿಯ ಮೇಲೆ ನಂಬಿಕೆಯು ಉಳಿದಿರುವುದೇ ಎಂದು ಸಾಮ್ಯದ ಕೊನೆಯಲ್ಲಿ ಕರ್ತನು ಕೇಳುತ್ತಾನೆ. ಆತನು ಕೇಳುವ ನಂಬಿಕೆಯು ಬರಿಯ ಬಾಯಿಮಾತಿನದಲ್ಲ. ನಿನ್ನೆ ಮುಚ್ಚಿದ್ದ ಬಾಗಿಲಿಗೆ ಇಂದು ಮತ್ತೆ ನಡೆದು ಹೋದ ಆ ವಿಧವೆಯ ನಂಬಿಕೆ. ಅದು ನಮ್ಮ ಹೆಣ್ಣುಮಕ್ಕಳಲ್ಲಿ ನೆಲೆಗೊಳ್ಳಲೆಂದು ಪ್ರಾರ್ಥಿಸುತ್ತೇವೆ.